ದೇವರ ಜಮೀನು ಯಾರ ಹೆಸರಲ್ಲಿದೆ? ಗುಡಿ, ಮಸೀದಿ, ಚರ್ಚು, ಬಸದಿ ಆಸ್ತಿ ಕಾಪಾಡಿಕೊಳ್ಳುವ ಬಗೆ

ನಮ್ಮ ಮಂಡ್ಯ, ಮೈಸೂರು ಕಡೆ ಎಷ್ಟೋ ಹಳೇ ಗುಡಿಗಳ ಮುಂದೆ ಒಂದು ಶಾಸನದ ಕಲ್ಲು ನಿಂತಿರುತ್ತದೆ. ಮೇಲೆ ಸೂರ್ಯ, ಚಂದ್ರ. ಕೆಳಗೆ ದಾನದ ವಿವರ. ಕೊನೆಯಲ್ಲಿ ಶಾಪ. ಈ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ, ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ಆ ಕಾಲಕ್ಕೆ ದೇವರ ಆಸ್ತಿಗೆ ಅದೇ ಕಾವಲು. ಈಗ ಹುಳುವಾಗಿ ಹುಟ್ಟುವುದಕ್ಕೆ ಯಾರೂ ಹೆದರುವುದಿಲ್ಲ. ಪಹಣಿಗೆ ಹೆದರುತ್ತಾರೆ.

ನಮ್ಮೂರ ಗುಡಿಯ ಸಮಿತಿಗೆ ನಾನು ಖಜಾಂಚಿ ಆದಾಗ ಗುಡಿಗೆ 2 ಎಕರೆ ಚಿಲ್ಲರೆ ಗದ್ದೆ ಇದೆ ಅನ್ನುವುದು ಊರಿಗೆಲ್ಲ ಗೊತ್ತಿತ್ತು. ಕಾಗದ ಯಾರ ಹತ್ತಿರವೂ ಇರಲಿಲ್ಲ. ಹಿರಿಯರೊಬ್ಬರನ್ನು ಕೇಳಿದೆ. "ದೇವ್ರ ಜಮೀನ್ನ ಯಾರ್ ತಿಂತಾರೆ ಬುಡಿ ಸಾ" ಅಂದರು. ಪಹಣಿ ತೆಗೆಸಿದರೆ ತೀರಿಹೋದ ಪೂಜಾರಿಯ ಇಬ್ಬರು ಮಕ್ಕಳ ಹೆಸರು ಇತ್ತು. ಅಪ್ಪ ಸತ್ತ ಮೇಲೆ ಪೌತಿ ಖಾತೆ ಆಗಿತ್ತು. ಅವರು ಮೋಸ ಮಾಡಿದರು ಅಂತ ಹೇಳಲಾರೆ. ಅಪ್ಪನ ಹೆಸರು ಮಾಲೀಕರ ಕಾಲಂನಲ್ಲಿ ಇತ್ತು, ಮಕ್ಕಳು ಅರ್ಜಿ ಕೊಟ್ಟರು, ಹೆಸರು ಬಂತು. ತಪ್ಪು ಆಗಿದ್ದು 40 ವರ್ಷ ಹಿಂದೆ. ಅವತ್ತು ಯಾರೂ ನೋಡಲಿಲ್ಲ, ಅಷ್ಟೇ.

ಅದನ್ನು ಸರಿ ಮಾಡಿಸಲು ಓಡಾಡುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಗುಡಿಯವರಿಗೆ ಮಾತ್ರ ಅಲ್ಲ. ಮಸೀದಿ ಕಮಿಟಿ, ಪ್ಯಾರಿಷ್ ಕೌನ್ಸಿಲ್, ಬಸದಿ ಟ್ರಸ್ಟ್, ಭಜನೆ ಮಂಡಳಿ, ಎಲ್ಲರ ಕಷ್ಟವೂ ಮುಕ್ಕಾಲು ಪಾಲು ಒಂದೇ.

ಹಕ್ಕು ಇದೆ, ಆದರೆ

ಸಂವಿಧಾನದ 26ನೇ ವಿಧಿ ಪ್ರತಿಯೊಂದು ಧಾರ್ಮಿಕ ಪಂಗಡಕ್ಕೂ ಚರ, ಸ್ಥಿರ ಆಸ್ತಿ ಹೊಂದುವ ಹಕ್ಕು ಕೊಟ್ಟಿದೆ. ಆ ಆಸ್ತಿಯನ್ನು "ಕಾನೂನಿನ ಪ್ರಕಾರ" ನೋಡಿಕೊಳ್ಳುವ ಹಕ್ಕನ್ನೂ ಕೊಟ್ಟಿದೆ. ಈ "ಕಾನೂನಿನ ಪ್ರಕಾರ" ಅನ್ನುವ ಮಾತಿನಲ್ಲೇ ಎಲ್ಲ ಇದೆ. ಪೂಜೆ ಹೇಗೆ ಮಾಡಬೇಕು ಅನ್ನುವುದು ಪಂಗಡಕ್ಕೆ ಬಿಟ್ಟದ್ದು. ಜಮೀನಿನ ಲೆಕ್ಕ ಹೇಗಿಡಬೇಕು ಅಂತ ಸರ್ಕಾರ ಕಾನೂನು ಮಾಡಬಹುದು. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗೆರೆ ಎಳೆಯಿತು. ಆದರೆ ಆಡಳಿತವನ್ನೇ ಪೂರ್ತಿ ಕಿತ್ತು ಬೇರೆಯವರ ಕೈಗೆ ಕೊಡುವಂತಿಲ್ಲ ಅಂತಲೂ ಹೇಳಿತು.

ಇನ್ನೊಂದು 300ಎ ವಿಧಿ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಸರ್ಕಾರ ಕಿತ್ತುಕೊಳ್ಳುವಂತಿಲ್ಲ. ಈ ಎರಡು ನೆನಪಿದ್ದರೆ ಸಾಕು. ಮಿಕ್ಕಿದ್ದು ತಾಲ್ಲೂಕು ಕಚೇರಿಯ ವಿಷಯ.

ಮೊದಲ ಕೆಲಸ: ಕಾಗದ ಕೂಡಿಹಾಕಿ

ವಕೀಲರ ಹತ್ತಿರ ಓಡುವ ಮೊದಲು ಇದನ್ನು ಮಾಡಿ. ಕಾಗದ ಇಲ್ಲದೆ ಹೋದರೆ ವಕೀಲರೂ ಇದನ್ನೇ ಹೇಳಿ ಕಳಿಸುತ್ತಾರೆ, ಫೀಸು ತೆಗೆದುಕೊಂಡು.

ಶುರು ಮಾಡುವುದು ಪಹಣಿಯಿಂದ. ನಾಡಕಚೇರಿಯಲ್ಲಿ ಅಥವಾ ಭೂಮಿ ವೆಬ್‌ಸೈಟಿನಲ್ಲಿ ಸಿಗುತ್ತದೆ. ಈ ವರ್ಷದ್ದು ಮಾತ್ರ ತೆಗೆದು ಸುಮ್ಮನಾಗಬೇಡಿ. ಕಂಪ್ಯೂಟರಿಗೆ ಮುಂಚಿನ ಕೈಬರಹದ ಪಹಣಿಯನ್ನೂ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಿಂದ ತೆಗೆಸಿ. ನಮ್ಮ ಕೇಸಿನಲ್ಲಿ ಗುಟ್ಟು ಸಿಕ್ಕಿದ್ದು ಅಲ್ಲೇ. ಹಳೇ ಪಹಣಿಯಲ್ಲಿ ದೇವರ ಹೆಸರು ಬರೆದು, ಪಕ್ಕದಲ್ಲಿ "ಪೂಜಾರಿ" ಅಂತ ಸೇರಿಸಿ ಆತನ ಹೆಸರು ಬರೆದಿದ್ದರು. ಮುಂದೆ ಯಾರೋ ನಕಲು ಮಾಡುವಾಗ ದೇವರು ಬಿಟ್ಟುಹೋಯಿತು, ಪೂಜಾರಿ ಉಳಿದರು.

ಪಹಣಿಯಲ್ಲಿ ಮೂರು ಕಾಲಂ ಮುಖ್ಯ. 9ರಲ್ಲಿ ಸ್ವಾಧೀನದಾರರ, ಅಂದರೆ ಮಾಲೀಕರ, ಹೆಸರು. 10ರಲ್ಲಿ ಅದು ಹೇಗೆ ಬಂತು ಅನ್ನುವುದು, ಅಂದರೆ ಎಂ.ಆರ್. (ಮ್ಯುಟೇಶನ್, ಖಾತೆ ಬದಲಾವಣೆಯ ರಿಜಿಸ್ಟರು) ನಂಬರು. 11ರಲ್ಲಿ ಇತರ ಹಕ್ಕು ಮತ್ತು ಋಣ. 2024ರ ಕೊನೆಯಲ್ಲಿ ವಿಜಯಪುರದಿಂದ ಶುರುವಾಗಿ ರಾಜ್ಯವೆಲ್ಲ ಸುದ್ದಿಯಾದ ವಕ್ಫ್ ಗಲಾಟೆ ಇದೇ 11ನೇ ಕಾಲಂನದು. ಜಮೀನು ವಕ್ಫ್ (ಮುಸ್ಲಿಂ ಧಾರ್ಮಿಕ ದತ್ತಿ) ಆಸ್ತಿ ಅಂತ ರೈತರಿಗೆ ಕೊಟ್ಟ ನೋಟಿಸುಗಳನ್ನು ಆಮೇಲೆ ಸರ್ಕಾರ ವಾಪಸ್ ಪಡೆಯಿತು. ನೀವು ಯಾವ ಕಡೆಯವರೇ ಆಗಿರಿ, ಪಹಣಿಯಲ್ಲಿ ಗೊತ್ತಿಲ್ಲದ ನಮೂದು ಕಂಡರೆ ಮಾಡುವ ಕೆಲಸ ಒಂದೇ. ಎಂ.ಆರ್. ನಂಬರು ಹಿಡಿದು ಮ್ಯುಟೇಶನ್ ಕಡತದ ದೃಢೀಕೃತ ನಕಲು ಕೇಳಿ. ಯಾವ ಆದೇಶದ ಮೇಲೆ ಆ ಸಾಲು ಬರೆದರು ಅನ್ನುವುದು ಅದರಲ್ಲಿ ಇರಲೇಬೇಕು.

ಆಮೇಲೆ ಸರ್ವೆ ಇಲಾಖೆಯಿಂದ ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಲೆಕ್ಕ), ಟಿಪ್ಪಣಿ (ಅಳತೆಯ ನಕ್ಷೆ), ಗ್ರಾಮ ನಕಾಶೆ. ಋಣಭಾರ ಪತ್ರ, ಅಂದರೆ ಇ.ಸಿ., ಕಾವೇರಿ ವೆಬ್‌ಸೈಟಿನಲ್ಲಿ 2004ರಿಂದ ಈಚಿನದು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಹೋಗಿ ಹುಡುಕಿಸಬೇಕು. ಊರೊಳಗಿನ ಕಟ್ಟಡಕ್ಕೆ ಪಂಚಾಯಿತಿಯ ಇ-ಸ್ವತ್ತು, ಪಟ್ಟಣದಲ್ಲಾದರೆ ಇ-ಆಸ್ತಿ ಖಾತೆ.

ಹಳೇ ಮೈಸೂರು ಸಂಸ್ಥಾನದವರಿಗೆ ಒಂದು ಅನುಕೂಲ ಇದೆ. ಇಲ್ಲಿ ಮುಜರಾಯಿ, ಅಂದರೆ ಸರ್ಕಾರದ ಸುಪರ್ದಿಯ ಗುಡಿಗಳ, ಲೆಕ್ಕ ಇಡುವ ಪದ್ಧತಿ ಹಳೆಯದು. 1927ರಲ್ಲೇ ಸಂಸ್ಥಾನ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳ ಕಾಯ್ದೆ ಮಾಡಿತ್ತು. ಹಾಗಾಗಿ ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಹಳೇ ರಿಜಿಸ್ಟರು, ಇನಾಂ (ದಾನವಾಗಿ ಬಿಟ್ಟ ಜಮೀನಿನ) ದಾಖಲೆ ಸಿಗುವ ಸಾಧ್ಯತೆ ಇದೆ. ಅಲ್ಲಿ ಇಲ್ಲದಿದ್ದರೆ ಮೈಸೂರಿನ ವಿಭಾಗೀಯ ಪತ್ರಾಗಾರದಲ್ಲಿ ವಿಚಾರಿಸಿ. ಶಾಸನ ಇದ್ದರೆ ಬಿ.ಎಲ್. ರೈಸ್ ಶುರು ಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಲ್ಲಿ ನಿಮ್ಮೂರ ಹೆಸರು ಹುಡುಕಿ. ಶಾಸನ ಒಂದರಿಂದಲೇ ಕೇಸು ಗೆಲ್ಲುವುದಿಲ್ಲ. ಆದರೆ ಗುಡಿ ಎಷ್ಟು ಹಳೆಯದು ಅಂತ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಕೊನೆಗೆ ಚಿಲ್ಲರೆ ಕಾಗದ. ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಜಾತ್ರೆ ಕರಪತ್ರ, ಉರುಸ್ ಪೋಸ್ಟರು, ಚರ್ಚಿನ ಜ್ಞಾನಸ್ನಾನದ ಪುಸ್ತಕ, ಹಳೇ ಫೋಟೋ. ಜಾಗ ನಿಮ್ಮ ಅನುಭವದಲ್ಲಿದೆ ಅಂತ ತೋರಿಸುವುದು ಇವೇ. ಒಬ್ಬರ ಮನೆ ಬೀರುವಿನಲ್ಲಿ ಎಲ್ಲ ಇಡಬೇಡಿ. ಮೂರು ಸೆಟ್ ನಕಲು ಮಾಡಿ, ಮೂರು ಕಡೆ ಇಡಿ.

ಕಳೆದದ್ದು ಬೇರೆ, ಕಾನೂನಾಗಿ ಹೋದದ್ದು ಬೇರೆ

ಇದು ಯಾರಿಗೂ ಇಷ್ಟವಾಗದ ಮಾತು. ಶಾಸನದಲ್ಲಿ 10 ಎಕರೆ ಅಂತಿದೆ, ಈಗ ಒಂದೂವರೆ ಎಕರೆ ಇದೆ, ಮಿಕ್ಕಿದ್ದನ್ನು ಯಾರೋ ನುಂಗಿದರು ಅಂತ ಸಭೆಯಲ್ಲಿ ಕೂಗಾಡುವವರು ಇರುತ್ತಾರೆ. ತಾಳಿ.

1955ರಲ್ಲಿ ಮೈಸೂರು ರಾಜ್ಯ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳ ರದ್ದತಿ ಕಾಯ್ದೆ ಮಾಡಿತು. ಇನಾಂ ಜಮೀನು ಸರ್ಕಾರಕ್ಕೆ ಸೇರಿತು. ಉಳುತ್ತಿದ್ದ ಗೇಣಿದಾರರಿಗೆ, ಎಷ್ಟೋ ಕಡೆ ಅರ್ಚಕರಿಗೂ, ತಮ್ಮ ಹೆಸರಿಗೆ ನೋಂದಣಿ ಮಾಡಿಸಿಕೊಳ್ಳುವ ಅವಕಾಶ ಇತ್ತು. ಗುಡಿಗೆ ಬದಲಿಗೆ ವರ್ಷಾಸನ ಸಿಕ್ಕಿತು. ಈಗಲೂ ಬರುವ ತಸ್ತೀಕ್ ಹಣದ ಮೂಲ ಇದೇ. ಆಮೇಲೆ ಭೂ ಸುಧಾರಣೆ. ಗೇಣಿ ಜಮೀನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿ, ನಮೂನೆ 7 ಕೊಟ್ಟ ಉಳುವವರಿಗೆ ಭೂ ನ್ಯಾಯಮಂಡಳಿ ಹಕ್ಕು ಕೊಟ್ಟಿತು.

ಹೀಗೆ ಹೋದ ಜಮೀನು ಹೋಯಿತು. ಇವತ್ತು ಅದನ್ನು ಉಳುತ್ತಿರುವ ರೈತ ಒತ್ತುವರಿದಾರ ಅಲ್ಲ. ಅವನ ಮೇಲೆ ಕೇಸು ಹಾಕಿದರೆ ದುಡ್ಡೂ ಹೋಗುತ್ತದೆ, ಊರೂ ಒಡೆಯುತ್ತದೆ. ಆದ್ದರಿಂದ ಸರ್ವೆ ನಂಬರು ಒಂದೊಂದಕ್ಕೂ ಇನಾಂ ಆದೇಶ, ಭೂ ನ್ಯಾಯಮಂಡಳಿ ಆದೇಶ ಇದೆಯೇ ಅಂತ ಮೊದಲು ಕೇಳಿ ತಿಳಿಯಿರಿ. ಆದೇಶ ಇಲ್ಲದೆ ಕೈ ಬದಲಾದದ್ದು ಮಾತ್ರ ನಿಮ್ಮ ಕೆಲಸದ ಪಟ್ಟಿಗೆ ಬರಲಿ.

ಹೆಸರು ಸರಿ ಮಾಡಿಸಿ

ಕಾನೂನಿನ ಕಣ್ಣಿಗೆ ಗುಡಿಯ ದೇವರು ಒಬ್ಬ ವ್ಯಕ್ತಿ. ಆಸ್ತಿ ಹೊಂದಬಹುದು, ಕೇಸು ಹಾಕಬಹುದು. ಆದರೆ ಮೈನರ್ ಇದ್ದ ಹಾಗೆ, ಪರವಾಗಿ ಇನ್ನೊಬ್ಬರು ನಿಲ್ಲಬೇಕು. 2021ರ ಸೆಪ್ಟೆಂಬರ್ 6ರಂದು ಮಧ್ಯಪ್ರದೇಶದ ಪೂಜಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಮಾಲೀಕರ ಕಾಲಂನಲ್ಲಿ ದೇವರ ಹೆಸರೇ ಇರಬೇಕು, ಪೂಜಾರಿ ದೇವರ ಪರವಾಗಿ ನೋಡಿಕೊಳ್ಳುವವನು ಮಾತ್ರ. ನಮ್ಮ ಅರ್ಜಿಗೆ ಈ ತೀರ್ಪಿನ ನಕಲು ಲಗತ್ತಿಸಿದ್ದೆವು.

ಮಸೀದಿಯ ಲೆಕ್ಕ ಬೇರೆ. ಅಲ್ಲಿ ಕಟ್ಟಡ ವ್ಯಕ್ತಿ ಅಲ್ಲ. ವಕ್ಫ್ ಮಾಡಿದ ಆಸ್ತಿ ಅಲ್ಲಾಹನಿಗೆ ಸೇರಿದ್ದು, ಮುತವಲ್ಲಿ ನೋಡಿಕೊಳ್ಳುವವನು. ಚರ್ಚಿನಲ್ಲಿ ಧರ್ಮಪ್ರಾಂತದ ಸೊಸೈಟಿ ಅಥವಾ ಟ್ರಸ್ಟಿನ ಹೆಸರಲ್ಲಿ ಇರುವುದು ವಾಡಿಕೆ. ಹೇಗೇ ಇರಲಿ, ಪೂಜಾರಿ, ಮುತವಲ್ಲಿ, ಫಾದರ್, ಧರ್ಮದರ್ಶಿ, ಅಧ್ಯಕ್ಷ, ಇವರ ಸ್ವಂತ ಹೆಸರು 9ನೇ ಕಾಲಂನಲ್ಲಿ ಇರಬಾರದು. ಭಜನೆ ಮಂಡಳಿಯ ಚಂದಾ ದುಡ್ಡಿನಲ್ಲಿ ಅಧ್ಯಕ್ಷರ ಹೆಸರಿಗೆ ಸೈಟು ತೆಗೆದುಕೊಂಡ ಊರುಗಳು ಎಷ್ಟು ಬೇಕು! ಅಧ್ಯಕ್ಷರು ಇರುವವರೆಗೆ ಏನೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಅವರ ತಿಥಿ ಮುಗಿದ ಮಾರನೇ ದಿನ.

ಸರಿ ಮಾಡಿಸುವುದು ಹೀಗೆ. ಅಕ್ಷರ ತಪ್ಪು, ನಕಲು ತಪ್ಪು ಆಗಿದ್ದರೆ ಹಳೇ ಪಹಣಿ ಇಟ್ಟು ತಹಶೀಲ್ದಾರರಿಗೆ ತಿದ್ದುಪಡಿ ಅರ್ಜಿ ಕೊಡಿ. ಮ್ಯುಟೇಶನ್ ಆದೇಶವೇ ತಪ್ಪಾಗಿದ್ದರೆ ಭೂ ಕಂದಾಯ ಕಾಯ್ದೆಯ ಸೆಕ್ಷನ್ 136(2)ರಲ್ಲಿ ಎ.ಸಿ. (ಉಪವಿಭಾಗಾಧಿಕಾರಿ) ಮುಂದೆ ಮೇಲ್ಮನವಿ. ಮಂಡ್ಯ ಜಿಲ್ಲೆಯಲ್ಲಿ ಎ.ಸಿ. ಕಚೇರಿ ಮಂಡ್ಯ, ಪಾಂಡವಪುರದಲ್ಲಿ, ಮೈಸೂರು ಜಿಲ್ಲೆಯಲ್ಲಿ ಮೈಸೂರು, ಹುಣಸೂರಿನಲ್ಲಿ ಇವೆ. ಗಡುವು ಮೀರಿದ್ದರೆ ತಡಕ್ಕೆ ಕಾರಣ ಹೇಳಿ ಜೊತೆಗೇ ಇನ್ನೊಂದು ಅರ್ಜಿ ಹಾಕಬೇಕು. ಎ.ಸಿ. ಆದೇಶ ಒಪ್ಪಿಗೆ ಆಗದಿದ್ದರೆ ಡಿ.ಸಿ. ಮುಂದೆ 136(3). ಎದುರಿನವರು ಜಮೀನೇ ನಮ್ಮದು ಅಂತ ಗಟ್ಟಿಯಾಗಿ ನಿಂತರೆ ಕಂದಾಯ ಅಧಿಕಾರಿಗಳು ಸಿವಿಲ್ ಕೋರ್ಟಿಗೆ ಹೋಗಿ ಅನ್ನುತ್ತಾರೆ. ಅದು ತಪ್ಪಲ್ಲ. ಪಹಣಿ ನಮೂದನ್ನು, ಸುಳ್ಳು ಅಂತ ತೋರಿಸುವವರೆಗೆ, ಕೋರ್ಟು ನಿಜ ಅಂತ ಇಟ್ಟುಕೊಳ್ಳುತ್ತದೆ. ಆದರೆ ಪಹಣಿಯೇ ಹಕ್ಕುಪತ್ರ ಅಲ್ಲ. ಮಾಲೀಕತ್ವ ತೀರ್ಮಾನಿಸುವುದು ಸಿವಿಲ್ ಕೋರ್ಟೇ.

ಹೊಸದಾಗಿ ಯಾರಾದರೂ ಜಾಗ ದಾನ ಕೊಡುತ್ತೇನೆ ಅಂದರೆ ಅಂದೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ. ಮೈಕಿನಲ್ಲಿ ಹೇಳಿ, ಶಾಲು ಹೊದಿಸಿಕೊಂಡರೆ ದಾನ ಆಗುವುದಿಲ್ಲ. ಸ್ಥಿರಾಸ್ತಿಯ ದಾನಪತ್ರಕ್ಕೆ ಇಬ್ಬರು ಸಾಕ್ಷಿ ಬೇಕು, ನೋಂದಣಿ ಬೇಕು. ವಕ್ಫ್ ಮೊದಲು ಬಾಯಿಮಾತಿನಲ್ಲೂ ಆಗುತ್ತಿತ್ತು. 2025ರ ತಿದ್ದುಪಡಿ ಬಂದ ಮೇಲೆ ಬರಹದ ವಕ್ಫ್ ಪತ್ರ ಇಲ್ಲದೆ ಹೊಸ ವಕ್ಫ್ ಮಾಡುವಂತಿಲ್ಲ.

ಅಳೆಸಿ, ಕಲ್ಲು ನೆಡಿಸಿ

ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಅರ್ಜಿ ಹಾಕಿ. ಭೂಮಾಪಕರು ಅಕ್ಕಪಕ್ಕದ ಖಾತೆದಾರರಿಗೆ ನೋಟಿಸ್ ಕೊಟ್ಟು ಬಂದು ಅಳೆಯುತ್ತಾರೆ. ಆ ದಿನ ಪಕ್ಕದ ಜಮೀನಿನವರು ಇರಲೇಬೇಕು, ಸಹಿ ಹಾಕಲೇಬೇಕು ಅನ್ನುವ ಹಾಗೆ ಒತ್ತಾಯ ಮಾಡಿ. ಕಾಫಿ, ತಿಂಡಿ ಕೊಡಿಸಿಯಾದರೂ ಕೂರಿಸಿ. ಬಾಂದು ಕಲ್ಲು ನೆಟ್ಟ ಮೇಲೆ ಪ್ರತಿ ಕಲ್ಲಿನ ಹತ್ತಿರ ನಿಂತು ಫೋಟೋ ತೆಗೆಯಿರಿ. ಆಮೇಲೆ ತಂತಿ ಬೇಲಿ ಆದರೂ ಸರಿ, ಬೇಗ ಹಾಕಿ. ನಮ್ಮಲ್ಲಿ ಕಬ್ಬು ಕಟಾವಾದ ಮೇಲೆ ಅಳೆಸಿದೆವು. ನಿಂತ ಕಬ್ಬಿನ ಗದ್ದೆಯಲ್ಲಿ ಅಳತೆ ಆಗುವುದಿಲ್ಲ, ಹಾಗಾಗಿ ತಿಂಗಳು ನೋಡಿಕೊಂಡು ಅರ್ಜಿ ಹಾಕಿ.

ಸ್ಮಶಾನ, ಖಬರಸ್ತಾನ್, ಚರ್ಚಿನ ಸಮಾಧಿ ಜಾಗ ಇದ್ದರೆ ಇನ್ನೂ ಜಾಗ್ರತೆ. ವರ್ಷದಲ್ಲಿ ಬಹಳ ದಿನ ಖಾಲಿ ಕಾಣುವ ಜಾಗ ಅದು, ಎಲ್ಲರ ಕಣ್ಣೂ ಅದರ ಮೇಲೆ. ಅದು ಪಂಗಡದ ಸ್ವಂತದ್ದೋ ಅಥವಾ ಸರ್ಕಾರಿ ಜಮೀನನ್ನು ಆ ಕೆಲಸಕ್ಕೆ ಕಾಯ್ದಿರಿಸಿದ್ದೋ ನೋಡಿ. ಸರ್ಕಾರದ್ದಾದರೆ ಒತ್ತುವರಿ ಬಿಡಿಸುವುದು ತಹಶೀಲ್ದಾರರ ಕೆಲಸ, ನೀವು ದೂರು ಕೊಟ್ಟರೆ ಸಾಕು.

ನಿಮ್ಮದು ಯಾರ ಸುಪರ್ದಿಗೆ?

ಮುಜರಾಯಿ ಗುಡಿಗಳು 1997ರ ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳು ಮತ್ತು ಧರ್ಮಾದಾಯ ದತ್ತಿಗಳ ಕಾಯ್ದೆಯ ಅಡಿ ಬರುತ್ತವೆ. ಅದು ಜಾರಿಗೆ ಬಂದದ್ದು 2003ರ ಮೇ 1ರಿಂದ. ಒಂಬತ್ತು ಜನರ ವ್ಯವಸ್ಥಾಪನಾ ಸಮಿತಿ, ಮೂರು ವರ್ಷದ ಅವಧಿ. ಸಮಿತಿ ಆಸ್ತಿ ನೋಡಿಕೊಳ್ಳಬಹುದು. ಇಲಾಖೆಯ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಮಠಗಳು, ಮಠಕ್ಕೆ ಸೇರಿದ ಗುಡಿಗಳು ಇದರಡಿ ಬರುವುದಿಲ್ಲ.

ಮಸೀದಿ, ದರ್ಗಾ, ಖಬರಸ್ತಾನ್‌ಗಳಿಗೆ 1995ರ ವಕ್ಫ್ ಕಾಯ್ದೆ. ಇದು 2025ರಲ್ಲಿ ಬಹಳ ಬದಲಾಯಿತು. ಕಮಿಟಿಯವರು ಮೂರು ಸಂಗತಿ ಗಮನಿಸಿ. ಒಂದು, ನೋಂದಣಿಯಾದ ವಕ್ಫ್‌ಗಳ ವಿವರವನ್ನು 2025ರ ಜೂನ್ 6ರಂದು ಶುರುವಾದ ಕೇಂದ್ರ ಸರ್ಕಾರದ ಉಮೀದ್ ಪೋರ್ಟಲ್‌ಗೆ ಏರಿಸಲು ಕಾನೂನು ಕೊಟ್ಟಿದ್ದ ಆರು ತಿಂಗಳ ಸಮಯ 2025ರ ಡಿಸೆಂಬರಿನಲ್ಲಿ ಮುಗಿಯಿತು. ತಡವಾದವರು ಕಾರಣ ಹೇಳಿ ವಕ್ಫ್ ಟ್ರಿಬ್ಯೂನಲ್ ಮುಂದೆ ಸಮಯ ಕೇಳಬೇಕು. ಎರಡು, ಬಹಳ ಕಾಲದಿಂದ ಬಳಕೆಯಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ವಕ್ಫ್ ಅನ್ನಿಸಿಕೊಳ್ಳುವುದು ಇನ್ನು ಮುಂದೆ ಇಲ್ಲ. ಮೊದಲೇ ನೋಂದಣಿಯಾಗಿದ್ದು, ತಕರಾರು ಇಲ್ಲದ್ದು, ಸರ್ಕಾರಿ ಜಾಗ ಅಲ್ಲದ್ದು ಹಾಗೇ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಹಿಂದೆ ವಕ್ಫ್ ಆಸ್ತಿ ವಾಪಸ್ ಕೇಳುವುದಕ್ಕೆ ಕಾಲಮಿತಿ ಇರಲಿಲ್ಲ. ಆ ವಿನಾಯಿತಿಯನ್ನು ತೆಗೆದಿದ್ದಾರೆ. ಒತ್ತುವರಿ ಕಂಡೂ "ನೋಡೋಣ ಬಿಡಿ" ಅಂತ ಕೂರುವ ಕಾಲ ಮುಗಿಯಿತು. 2025ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟ್ ಕೆಲವು ಅಂಶಗಳಿಗೆ ತಡೆ ಕೊಟ್ಟಿದೆ, ಇಡೀ ಕಾಯ್ದೆಗೆ ಅಲ್ಲ. ಆದ್ದರಿಂದ ಹೆಜ್ಜೆ ಇಡುವ ಮೊದಲು ಜಿಲ್ಲಾ ವಕ್ಫ್ ಕಚೇರಿಯಲ್ಲಿ ಈಗಿನ ಸ್ಥಿತಿ ಕೇಳಿಕೊಳ್ಳಿ.

ಚರ್ಚುಗಳಿಗೆ ಇಂಥ ಪ್ರತ್ಯೇಕ ಕಾಯ್ದೆ ನಮ್ಮ ರಾಜ್ಯದಲ್ಲಿ ಇಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಅಥವಾ ಟ್ರಸ್ಟ್ ಪತ್ರವೇ ಆಧಾರ. ದೋರನಹಳ್ಳಿಯಂಥ ಹೆಸರುವಾಸಿ ಕ್ಷೇತ್ರ ಆದರೇನು, ಹಳ್ಳಿಯ ಒಂದು ಕೋಣೆಯ ಪ್ರಾರ್ಥನಾ ಮಂದಿರ ಆದರೇನು, ಪ್ರಶ್ನೆ ಅದೇ: ಆಸ್ತಿ ಯಾವ ಸಂಸ್ಥೆಯ ಹೆಸರಲ್ಲಿದೆ, ಆ ಸಂಸ್ಥೆ ಇವತ್ತೂ ಜೀವಂತ ಇದೆಯೇ? ಪ್ರತಿ ವರ್ಷ ಪದಾಧಿಕಾರಿಗಳ ಪಟ್ಟಿ, ಲೆಕ್ಕ ಸಲ್ಲಿಸದಿದ್ದರೆ ಸಂಘ ಕಾಗದದ ಮೇಲೆ ಮಲಗಿಬಿಡುತ್ತದೆ. ಖಾಸಗಿ ಗುಡಿ, ಬಸದಿಯ ಟ್ರಸ್ಟ್, ಸಂಘಗಳಿಗೂ ಇದೇ ಮಾತು. 1882ರ ಟ್ರಸ್ಟ್ ಕಾಯ್ದೆ ನಮ್ಮನ್ನು ಕಾಯುತ್ತದೆ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಖಾಸಗಿ ಟ್ರಸ್ಟಿಗೆ ಮಾತ್ರ, ಧಾರ್ಮಿಕ ದತ್ತಿಗೆ ಅನ್ವಯಿಸುವುದಿಲ್ಲ. ಹಾಗಾಗಿ ನಿಮ್ಮ ಟ್ರಸ್ಟ್ ಪತ್ರವನ್ನೇ ಗಟ್ಟಿಯಾಗಿ ಬರೆಸಬೇಕು. ಯಾರು ಸಹಿ ಹಾಕಬೇಕು, ಎಷ್ಟು ಜನ ಒಪ್ಪಿದರೆ ಮಾರಬಹುದು, ಟ್ರಸ್ಟಿ ಸತ್ತರೆ ಮುಂದೆ ಯಾರು, ಎಲ್ಲ ಬರಹದಲ್ಲಿ ಇರಲಿ.

ಸೋಮನಾಥಪುರ, ಕಂಬದಹಳ್ಳಿಯ ಬಸದಿ, ಶ್ರೀರಂಗಪಟ್ಟಣದ ಗುಡಿ, ಮಸೀದಿ, ಇಂಥ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಪಕ್ಕದಲ್ಲಿ ನಿಮ್ಮದೇ ಸಣ್ಣ ಗುಡಿ ಇದ್ದರೂ ಅಷ್ಟೇ.

ಬೈಲಕುಪ್ಪೆಯ ಟಿಬೆಟನ್ ಶಿಬಿರದ್ದು ಇನ್ನೊಂದು ಬಗೆ. ಅಷ್ಟು ದೊಡ್ಡ ಚಿನ್ನದ ಗುಡಿ, ಸಾವಿರಾರು ಭಿಕ್ಷುಗಳು, ಆದರೆ ಶಿಬಿರದ ನೆಲ ರಾಜ್ಯ ಸರ್ಕಾರ ಕೊಟ್ಟದ್ದು. 2014ರ ಟಿಬೆಟನ್ ಪುನರ್ವಸತಿ ನೀತಿ ಇಂಥ ನೆಲಕ್ಕೆ 20 ವರ್ಷದ ಗುತ್ತಿಗೆ ಪತ್ರದ ಮಾತು ಹೇಳುತ್ತದೆ. ಯಾರೇ ಆಗಲಿ ಗುತ್ತಿಗೆ ನೆಲದಲ್ಲಿ ಕಟ್ಟಿದ್ದರೆ ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದನ್ನು ಗೋಡೆಯ ಮೇಲೆ ಬರೆದಿಡಿ.

ಒಳಗಿನವರ ಮೇಲೂ ಒಂದು ಕಣ್ಣು

ಬೇರೆ ಧರ್ಮದವರು ನಮ್ಮ ಆಸ್ತಿ ಹೊಡೆಯುತ್ತಾರೆ ಅನ್ನುವ ಭಯ ಬಿತ್ತುವವರು ಬಹಳ. ನಾನು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕೂತು ಕೇಳಿದ ಕಥೆಗಳಲ್ಲಿ ಹೆಚ್ಚಿನವು ಹಾಗಿರಲಿಲ್ಲ. ಗುಡಿ ಜಮೀನು ಪೂಜಾರಿ ಮನೆಯವರಿಂದ, ಖಬರಸ್ತಾನಿನ ಮೂಲೆ ಹಳೇ ಮುತವಲ್ಲಿಯ ಮಗನಿಂದ, ಸಭಾಭವನದ ಬಾಡಿಗೆ ಸಮಿತಿಯವರಿಂದಲೇ ಹೋಗಿತ್ತು.

ಕಾನೂನಿಗೆ ಇದು ಗೊತ್ತು. ಅದಕ್ಕೇ ಎರಡು ಒಳ್ಳೆ ಆಯುಧ ಇಟ್ಟಿದೆ. ಒಂದು, ಕಾಲಮಿತಿ ಕಾಯ್ದೆಯ ಸೆಕ್ಷನ್ 10. ಹಿಂದೂ, ಮುಸ್ಲಿಂ, ಬೌದ್ಧ ಧಾರ್ಮಿಕ ದತ್ತಿಯ ಆಸ್ತಿಯನ್ನು ನೋಡಿಕೊಳ್ಳುವವನೇ ನುಂಗಿದರೆ ಅವನಿಂದ ವಾಪಸ್ ಕೇಳುವುದಕ್ಕೆ ಕಾಲಮಿತಿಯೇ ಇಲ್ಲ. ಹಣ ಕೊಟ್ಟು ಕೊಂಡ ಮೂರನೆಯವನ ಕೈಗೆ ಹೋಗಿದ್ದರೆ ಮಾತ್ರ ಗಡುವು ಬರುತ್ತದೆ. ಹಿಂದಿನ ಆಡಳಿತಗಾರ ಮಾರಿದ್ದರೆ, ಅವನು ಸತ್ತ, ಬಿಟ್ಟ, ತೆಗೆದುಹಾಕಿದ ದಿನ ಅಥವಾ ಹೊಸಬರು ನೇಮಕವಾದ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ 12 ವರ್ಷ.

ಎರಡು, ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 92. ಸಾರ್ವಜನಿಕ ಟ್ರಸ್ಟಿನಲ್ಲಿ ಆಸಕ್ತಿ ಇರುವ ಇಬ್ಬರು ಸೇರಿದರೆ ಸಾಕು, ಕೋರ್ಟಿನ ಅನುಮತಿ ಪಡೆದು ದಾವೆ ಹಾಕಬಹುದು. ಟ್ರಸ್ಟಿಯನ್ನು ತೆಗೆಯಿರಿ, ಲೆಕ್ಕ ಕೊಡಿಸಿ, ಆಡಳಿತಕ್ಕೆ ಯೋಜನೆ ಮಾಡಿ ಅಂತ ಕೇಳಬಹುದು. ವಕ್ಫ್‌ಗೆ, ಮುಜರಾಯಿಗೆ ಅವರವರ ಕಾಯ್ದೆಯ ದಾರಿಯೇ ಮೊದಲು.

ಕೋರ್ಟಿನವರೆಗೆ ಹೋಗದಿರಲು ಕೆಲವು ಅಭ್ಯಾಸ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ. ಹುಂಡಿ ಎಣಿಸುವಾಗ ಐದು ಜನ. ಅಂಗಡಿ ಮಳಿಗೆ ಬಾಡಿಗೆಗೆ ಬರಹದ ಕರಾರು, ಒಂದು ವರ್ಷಕ್ಕಿಂತ ಜಾಸ್ತಿ ಆದರೆ ನೋಂದಣಿ. ಸಾಗುವಳಿ ಜಮೀನನ್ನಂತೂ ಬಾಯಿಮಾತಿನಲ್ಲಿ ಗೇಣಿಗೆ, ವಾರಕ್ಕೆ ಕೊಡಬೇಡಿ. ಕೃಷಿ ಭೂಮಿ ಗೇಣಿಗೆ ಕೊಡುವುದನ್ನೇ ಭೂ ಸುಧಾರಣಾ ಕಾಯ್ದೆ, ಸಣ್ಣಪುಟ್ಟ ವಿನಾಯಿತಿ ಬಿಟ್ಟು, ತಡೆದಿದೆ.

ಒತ್ತುವರಿ ಆದಾಗ

ಮೊದಲ ದಿನವೇ ಫೋಟೋ, ವಿಡಿಯೋ. ಎರಡನೇ ದಿನ ಸಮಿತಿ ಸಭೆ ಕರೆದು ನಿರ್ಣಯ ಬರೆದು, ಯಾರು ಕೇಸು ನಡೆಸಬೇಕು ಅಂತ ಅಧಿಕಾರ ಕೊಡಿ. ಈ ನಿರ್ಣಯ ಇಲ್ಲದಿದ್ದರೆ ನಿಮಗೆ ಕೇಳುವ ಹಕ್ಕೇ ಇಲ್ಲ ಅಂತ ಎದುರು ವಕೀಲರು ಶುರು ಮಾಡುತ್ತಾರೆ. ಅದಾದ ಮೇಲೆ ತಹಶೀಲ್ದಾರರಿಗೆ, ಪೊಲೀಸರಿಗೆ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿ. ಎದುರಿನವರೇ ಮೊದಲು ತಡೆಯಾಜ್ಞೆ ತರುತ್ತಾರೆ ಅನ್ನುವ ಸುಳಿವಿದ್ದರೆ, ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಅಂತ ಕೋರ್ಟಿಗೆ ಕೇವಿಯಟ್ ಹಾಕಿಡಿ. ಅದು 90 ದಿನ ನಡೆಯುತ್ತದೆ.

ಖಾಸಗಿಯವರ ವಿರುದ್ಧ 12 ವರ್ಷ ದಾಟಿದರೆ ಅವರು ಅನುಭವದ ಹಕ್ಕು ಹೇಳುತ್ತಾರೆ. ಆದ್ದರಿಂದ ದೂರು ಕೊಟ್ಟೆವಲ್ಲ ಅಂತ ಕೂರಬೇಡಿ. ದೂರಿನಿಂದ ಗಡುವು ನಿಲ್ಲುವುದಿಲ್ಲ, ದಾವೆಯಿಂದ ನಿಲ್ಲುತ್ತದೆ.

ಇನ್ನೊಂದು ದಾರಿ 2011ರ ಭೂಕಬಳಿಕೆ ನಿಷೇಧ ಕಾಯ್ದೆ. ಸರ್ಕಾರಿ ಜಮೀನಿನ ಜೊತೆಗೆ ವಕ್ಫ್, ಹಿಂದೂ ಧಾರ್ಮಿಕ ದತ್ತಿ ಜಮೀನನ್ನೂ ಅದು ಹೆಸರಿಸಿ ಹೇಳುತ್ತದೆ. ಕಬಳಿಸಿದವರಿಗೆ 1ರಿಂದ 3 ವರ್ಷ ಜೈಲು. ವಿಶೇಷ ನ್ಯಾಯಾಲಯ ಬೆಂಗಳೂರಿನಲ್ಲಿದೆ.

ಎದುರು ಪ್ರಶ್ನೆಯೂ ಇದೆ. ನಿಮ್ಮ ಗುಡಿಯೇ ಸರ್ಕಾರಿ ಜಾಗದಲ್ಲಿದ್ದರೆ? 2021ರ ಸೆಪ್ಟೆಂಬರಿನಲ್ಲಿ ನಂಜನಗೂಡು ತಾಲ್ಲೂಕಿನ ಹುಚ್ಚಗಣಿಯಲ್ಲಿ ಮಹದೇವಮ್ಮನ ಗುಡಿ ಒಡೆದದ್ದು ನಿಮಗೆ ನೆನಪಿರಬಹುದು. ಸಾರ್ವಜನಿಕ ಜಾಗದ ಅನಧಿಕೃತ ಧಾರ್ಮಿಕ ಕಟ್ಟಡಗಳ ಬಗ್ಗೆ ಸುಪ್ರೀಂ ಕೋರ್ಟ್ 2009ರಲ್ಲಿ ಕೊಟ್ಟ ಆದೇಶದ ಹೆಸರಲ್ಲಿ ಅದು ನಡೆಯಿತು. ಜನ ಸಿಟ್ಟಿಗೆದ್ದರು. ಅದೇ ತಿಂಗಳು ವಿಧಾನಮಂಡಲ ಧಾರ್ಮಿಕ ಕಟ್ಟಡಗಳ ಸಂರಕ್ಷಣಾ ಮಸೂದೆ ಒಪ್ಪಿತು. ಕಾಯ್ದೆ ಬರುವ ಮೊದಲು ಇದ್ದ ಎಲ್ಲ ಧರ್ಮದ ಕಟ್ಟಡಗಳಿಗೂ ಅದರಿಂದ ರಕ್ಷಣೆ ಇದೆ. ಆದರೆ ಆ ರಕ್ಷಣೆ ಗೋಡೆಗೆ, ನೆಲದ ಮಾಲೀಕತ್ವಕ್ಕಲ್ಲ. ಆಮೇಲೆ ಕಟ್ಟಿದ್ದಕ್ಕೆ ಅದೂ ಇಲ್ಲ.

ಹೈವೇ ಬಂದಾಗ

ಬೆಂಗಳೂರು ಮೈಸೂರು ಹೆದ್ದಾರಿ ಅಗಲವಾದಾಗ ಇದನ್ನು ಕಣ್ಣಾರೆ ಕಂಡಿದ್ದೇವೆ. ಪೂಜಾ ಸ್ಥಳ ಅಂದ ಮಾತ್ರಕ್ಕೆ ಭೂಸ್ವಾಧೀನ ತಪ್ಪುವುದಿಲ್ಲ, 1994ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಹೆದ್ದಾರಿ ಕಾಯ್ದೆಯಲ್ಲಿ ಅಧಿಸೂಚನೆ ಪ್ರಕಟವಾದ ಮೇಲೆ ಆಕ್ಷೇಪಣೆಗೆ 21 ದಿನ ಮಾತ್ರ. ಪತ್ರಿಕೆಯ ಒಳಪುಟದಲ್ಲಿ ಸರ್ವೆ ನಂಬರುಗಳ ಉದ್ದ ಪಟ್ಟಿ ಬರುತ್ತದೆ, ಅದನ್ನು ಓದುವ ಅಭ್ಯಾಸ ಇಟ್ಟುಕೊಳ್ಳಿ. ಪರಿಹಾರ ಸಂಸ್ಥೆಯ ಹೆಸರಿಗೆ, ಸಂಸ್ಥೆಯ ಖಾತೆಗೆ ಬರಬೇಕು. ಪಹಣಿಯಲ್ಲಿ ಪೂಜಾರಿಯ ಹೆಸರಿದ್ದರೆ ಚೆಕ್ಕು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ತಕರಾರು ಬಿದ್ದರೆ ವಿಷಯ ಸಿವಿಲ್ ಕೋರ್ಟಿಗೆ ಹೋಗಿ, ತೀರ್ಪು ಬರುವವರೆಗೆ ದುಡ್ಡು ಯಾರ ಕೈಗೂ ಸಿಗುವುದಿಲ್ಲ.

ಒಡವೆ, ಪಾತ್ರೆ, ಉತ್ಸವಮೂರ್ತಿ

ಜಮೀನಿನ ಗಲಾಟೆಯಲ್ಲಿ ಇದನ್ನು ಮರೆಯುತ್ತೇವೆ. ಮೇಲುಕೋಟೆಯ ವೈರಮುಡಿ ಕಿರೀಟವನ್ನು ನೋಡಿ. ಅದು ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ವರ್ಷಕ್ಕೊಮ್ಮೆ ಪೊಲೀಸ್ ಕಾವಲಿನಲ್ಲಿ ಮೇಲುಕೋಟೆಗೆ ಹೋಗುತ್ತದೆ, ಚೆಲುವನಾರಾಯಣನ ತಲೆ ಮೇಲೆ ಒಂದು ರಾತ್ರಿ ಇರುತ್ತದೆ, ಲೆಕ್ಕ ಒಪ್ಪಿಸಿ ವಾಪಸ್ ಬರುತ್ತದೆ. ನಿಮ್ಮೂರ ದೇವರಿಗೆ ಇರುವುದು ಬೆಳ್ಳಿ ಮುಖವಾಡ, ಎರಡು ದೀಪದ ಕಂಬ ಇರಬಹುದು. ಪದ್ಧತಿ ಅದೇ ಇರಲಿ. ಪ್ರತಿ ವಸ್ತುವಿನ ತೂಕ, ನಾಲ್ಕೂ ಕಡೆಯ ಫೋಟೋ, ಕೊಟ್ಟವರ ಹೆಸರು ಬರೆದ ಪುಸ್ತಕ ಮಾಡಿ. ಸಮಿತಿ ಬದಲಾದಾಗ ಹಳಬರು, ಹೊಸಬರು ಎದುರೆದುರು ಕೂತು ತೂಗಿ ಸಹಿ ಹಾಕಲಿ. ಹೆಚ್ಚು ಬೆಲೆಯದ್ದು ಬ್ಯಾಂಕ್ ಲಾಕರಿಗೆ ಹೋಗಲಿ, ಲಾಕರೂ ಸಂಸ್ಥೆಯ ಹೆಸರಲ್ಲೇ ಇರಲಿ.

ನಮ್ಮ ಗುಡಿಯ ಪಹಣಿಗೆ ದೇವರ ಹೆಸರು ವಾಪಸ್ ಬರಲು ಎರಡು ವರ್ಷ ಹಿಡಿಯಿತು. ಎ.ಸಿ. ಮುಂದೆ ಪೂಜಾರಿಯ ದೊಡ್ಡ ಮಗ ತಾನೇ ಬಂದು, ಹಳೇ ಪಹಣಿ ನೋಡಿ, ನಮ್ಮದಲ್ಲ ಅಂತ ಬರೆದುಕೊಟ್ಟ. ಚಿಕ್ಕವನು ಒಪ್ಪಲಿಲ್ಲ, ಅವನ ಮೇಲ್ಮನವಿ ಡಿ.ಸಿ. ಕಚೇರಿಯಲ್ಲಿದೆ. ಈಗಲೂ ಪೂಜೆ ಮಾಡುವುದು ಅವನೇ. ಮಂಗಳಾರತಿ ತಟ್ಟೆ ಹಿಡಿದು ನನ್ನ ಮುಂದೆ ಬಂದಾಗ ಇಬ್ಬರೂ ಕೇಸಿನ ಮಾತು ಎತ್ತುವುದಿಲ್ಲ.